ಲಿಪಿಯನ್ನು ಕಲಿಸಿದ ಕಥೆ

ಒಂದು ಭಾಷೆಗೆ ಓದುಗರು ಹೇಗೆ ಹುಟ್ಟುತ್ತಾರೆ? ಶಾಲೆಗಳಿಂದ, ಸಭೆಗಳ ಪ್ರಯತ್ನದಿಂದ, ಸರಕಾರದ ಆಜ್ಞೆಗಳಿಂದ ಎಂದು ಇತಿಹಾಸಕಾರರು ಸಾಮಾನ್ಯವಾಗಿ ಉತ್ತರ ಹೇಳುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಆದರೆ ಹಿಂದೀ ಭಾಷೆಯ ಮಟ್ಟಿಗೆ ಇನ್ನೊಂದು ಉತ್ತರವೂ ಉಂಟು. ರಾಜಕುಮಾರಿಯೊಬ್ಬಳು ಮಾಯಾದುರ್ಗದಲ್ಲಿ ಸಿಕ್ಕಿಬಿದ್ದಳು. ಅವಳು ಹೊರಗೆ ಬಂದಳೋ ಇಲ್ಲವೋ ಎಂದು ತಿಳಿಯುವ ಆತುರದಿಂದ ಅನೇಕರು ಹೊಸದೊಂದು ಲಿಪಿಯನ್ನೇ ಕಲಿತರು. ಈ ಮಾತು ವಿನೋದದಂತೆ ಕೇಳಿಸಬಹುದು. ಆದರೆ ಇದಕ್ಕೆ ಹಿಂದೀ ಸಾಹಿತ್ಯ ಚರಿತ್ರೆಯಲ್ಲಿ ಗಟ್ಟಿಯಾದ ಸಾಕ್ಷಿಯಿದೆ.

ಆ ಕಾಲದ ಸ್ಥಿತಿಯನ್ನು ಮೊದಲು ನೋಡೋಣ. 1837ರಲ್ಲಿ ಕಂಪನಿ ಸರಕಾರ ನ್ಯಾಯಾಲಯಗಳಿಂದ ಪಾರಸಿಯನ್ನು ತೆಗೆದಮೇಲೆ ಉತ್ತರ ಹಿಂದೂಸ್ಥಾನದಲ್ಲಿ ಅದರ ಸ್ಥಾನಕ್ಕೆ ಉರ್ದು ಬಂತು. ಕಚೇರಿಯಲ್ಲಿ ನೌಕರಿ ಬೇಕೆನ್ನುವ ಹುಡುಗನು, ಅವನು ಯಾವ ಮತದವನೇ ಆಗಿರಲಿ, ಪಾರಸಿ ಲಿಪಿಯನ್ನು ಕಲಿಯಲೇಬೇಕಾಯಿತು. ಬೀದಿಯಲ್ಲಿ ಆಡುವ ಮಾತು ಬಹುಮಟ್ಟಿಗೆ ಒಂದೇ. ಆದರೆ ಅದನ್ನು ಬರೆಯುವ ಅಕ್ಷರಗಳು ಎರಡು. ನಾಗರಿ ಅಕ್ಷರದಲ್ಲಿ ಧರ್ಮಗ್ರಂಥಗಳು ದೊರೆಯುತ್ತಿದ್ದವು. ರಸಿಕರು ಹಗಲಿರುಳು ಓದಿ ಸುಖಿಸುವ ಕಥೆಗಳಿಗೆ ಉರ್ದುವಿನ ಕಡೆಗೇ ಹೋಗಬೇಕಾಗಿತ್ತು. 1883ರಿಂದ ಲಖನೌದ ನವಲ ಕಿಶೋರ ಮುದ್ರಣಾಲಯವು ಅಮೀರ ಹಂಜಾನ ಸಾಹಸಗಳ ದಾಸ್ತಾನುಗಳನ್ನು ಸಂಪುಟದಮೇಲೆ ಸಂಪುಟವಾಗಿ ಹೊರತರುತ್ತಿತ್ತು. ಅವುಗಳಲ್ಲೆಲ್ಲ ಹೆಸರಾದದ್ದು 'ತಿಲಿಸ್ಮೆ ಹೋಶ್‌ರುಬಾ'.

ಇಂಥ ಸಮಯದಲ್ಲಿ ಕಾಶಿಯಲ್ಲಿ ಲೇಖನಿ ಹಿಡಿದವರು ಬಾಬು ದೇವಕೀನಂದನ ಖತ್ರಿ. ಅವರು ಬಿಹಾರದ ಪೂಸಾ ಎಂಬಲ್ಲಿ 1861ರಲ್ಲಿ ಹುಟ್ಟಿದರು. ಅವರ ಮೊದಲ ಓದು ಕೂಡ ಉರ್ದು ಪಾರಸಿಗಳಲ್ಲೇ ನಡೆಯಿತು. ಕಾಶಿಗೆ ಬಂದ ಮೇಲೆ ಚಕಿಯಾ ಮತ್ತು ನೌಗಢದ ಕಾಡುಗಳ ಗುತ್ತಿಗೆ ಹಿಡಿದರು. ಗುತ್ತಿಗೆಯ ಕೆಲಸವೆಂದರೆ ಕಾಡಿನಲ್ಲಿ ಅಲೆದಾಟ. ವಿಂಧ್ಯದ ಆ ಬೆಟ್ಟಗಳ ನಡುವೆ ಪಾಳುಬಿದ್ದ ಕೋಟೆಗಳು, ಗುಹೆಗಳು, ಕಣಿವೆಗಳು ಅವರ ಕಣ್ಣಿಗೆ ಬಿದ್ದವು. ಗುತ್ತಿಗೆ ಕೈತಪ್ಪಿತು, ಕಾಡು ಮನಸ್ಸಿನಲ್ಲಿ ಉಳಿಯಿತು. 1888ರಲ್ಲಿ 'ಚಂದ್ರಕಾಂತಾ' ಬೆಳಕಿಗೆ ಬಂತು.

ಕಥೆಯ ಎಳೆ ಸರಳವಾದದ್ದು. ನೌಗಢದ ರಾಜಕುಮಾರ ವೀರೇಂದ್ರಸಿಂಹ, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ಇಬ್ಬರಿಗೂ ಪ್ರೇಮ. ನಡುವೆ ಮಂತ್ರಿಪುತ್ರ ಕ್ರೂರಸಿಂಹ, ಅವನ ಬೆನ್ನಿಗೆ ಚುನಾರದ ರಾಜ ಶಿವದತ್ತ. ನೌಗಢ, ವಿಜಯಗಢ, ಚುನಾರ ಮೂರೂ ನಕಾಶೆಯಲ್ಲಿರುವ ಊರುಗಳೇ. ಆದರೆ ಓದುಗರನ್ನು ಮರುಳುಮಾಡಿದವರು ರಾಜರಲ್ಲ, ಐಯಾರರು. ಐಯಾರನೆಂದರೆ ಬೇಹುಗಾರ, ವೇಷಗಾರ, ವೈದ್ಯ, ಓಟಗಾರ ಎಲ್ಲವೂ ಒಬ್ಬನೇ. ಅವನ ಹೆಗಲ ಚೀಲದಲ್ಲಿ ಎಚ್ಚರ ತಪ್ಪಿಸುವ ಪುಡಿ, ಎಚ್ಚರ ಬರಿಸುವ ಔಷಧ, ಮುಖ ಬದಲಿಸುವ ಬಣ್ಣ, ಗೋಡೆ ಹತ್ತುವ ಹಗ್ಗ ಎಲ್ಲ ಇರುತ್ತವೆ. ವೀರೇಂದ್ರನ ಐಯಾರ ತೇಜಸಿಂಹ. ಚಂದ್ರಕಾಂತೆಯ ಸಖಿ ಚಪಲಾ ಐಯಾರಿಯಲ್ಲಿ ಯಾವ ಗಂಡಸಿಗೂ ಕಡಿಮೆಯವಳಲ್ಲ. ಇವರೆಲ್ಲರ ಆಚೆಗೆ ತಿಲಿಸ್ಮು ಇದೆ: ಹಿಂದಿನವರು ನಿಧಿಯನ್ನು ಅಡಗಿಸಿ ಕಟ್ಟಿಟ್ಟ ಗೂಢವಾದ ಕಟ್ಟಡ. ಅದನ್ನು ಒಡೆಯುವ ಯೋಗ ಯಾರ ಪಾಲಿಗೆ ಬರೆದಿದೆಯೋ ಅವನೊಬ್ಬನೇ ಅದನ್ನು ಒಡೆದಾನು.

ನಾಲ್ಕು ಭಾಗಗಳಲ್ಲಿ ಕಥೆ ಮುಗಿಯಿತು, ಓದುಗರ ಹಸಿವು ಮುಗಿಯಲಿಲ್ಲ. ಖತ್ರಿಯವರು ಮುಂದಿನ ತಲೆಮಾರನ್ನು, ಎಂದರೆ ಇಂದ್ರಜೀತಸಿಂಹ ಆನಂದಸಿಂಹರೆಂಬ ಅಣ್ಣತಮ್ಮಂದಿರನ್ನು, ಕರೆತಂದು 'ಚಂದ್ರಕಾಂತಾ ಸಂತತಿ'ಯನ್ನು ಆರಂಭಿಸಿದರು. ಅದು ಇಪ್ಪತ್ತನಾಲ್ಕು ಭಾಗಗಳಿಗೆ ಬೆಳೆಯಿತು. 1898ರಲ್ಲಿ ಅವರು ಕಾಶಿಯಲ್ಲಿ ಲಹರಿ ಪ್ರೆಸ್ ಎಂಬ ಸ್ವಂತ ಮುದ್ರಣಾಲಯವನ್ನೇ ಸ್ಥಾಪಿಸಿದರು. ಸಂತತಿಯಲ್ಲಿ ಬರುವ ಭೂತನಾಥನೆಂಬ ಐಯಾರನು ತನ್ನ ಜೀವನಚರಿತ್ರೆಯನ್ನು ಬೇರೆಯಾಗಿ ಬರೆಯಿಸಿಕೊಂಡನು. 1913ರಲ್ಲಿ ಖತ್ರಿಯವರು ತೀರಿಕೊಂಡಾಗ 'ಭೂತನಾಥ' ಇನ್ನೂ ಮುಗಿದಿರಲಿಲ್ಲ. ಮಗ ದುರ್ಗಾಪ್ರಸಾದ ಖತ್ರಿಯವರು ಅದನ್ನು ಪೂರ್ತಿಮಾಡಿದರು. ಕರ್ತೃವಿನ ಮರಣವೂ ನಿಲ್ಲಿಸಲಾರದಷ್ಟು ಬೇಡಿಕೆ ಆ ಕಥೆಗಿತ್ತು.

ಈ ಉತ್ಸಾಹಕ್ಕೆ ಸಾಕ್ಷಿ ಹೇಳಿದವರು ಖತ್ರಿಯವರ ಅಭಿಮಾನಿಗಳಲ್ಲ, ಕಟ್ಟುನಿಟ್ಟಾದ ವಿಮರ್ಶಕರಾದ ಆಚಾರ್ಯ ರಾಮಚಂದ್ರ ಶುಕ್ಲರು. 1929ರಲ್ಲಿ ಬಂದ ತಮ್ಮ ಹಿಂದೀ ಸಾಹಿತ್ಯ ಚರಿತ್ರೆಯಲ್ಲಿ ಅವರು ಈ ಕಾದಂಬರಿಗಳಿಗೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ. ಘಟನೆಗಳ ವೈಚಿತ್ರ್ಯವಲ್ಲದೆ ಇವುಗಳಲ್ಲಿ ರಸವಾಗಲಿ ಚರಿತ್ರಚಿತ್ರಣವಾಗಲಿ ಇಲ್ಲವೆಂಬುದು ಅವರ ಮತ. ಆದರೂ ಹಿಂದಿಗೆ ಇವರಷ್ಟು ಓದುಗರನ್ನು ಒದಗಿಸಿದ ಗ್ರಂಥಕರ್ತ ಮತ್ತೊಬ್ಬನಿಲ್ಲವೆಂದು ಒಪ್ಪಿಕೊಂಡರು. ಉರ್ದುವಿನಲ್ಲೇ ಬದುಕುತ್ತಿದ್ದ ಎಷ್ಟೋ ಜನ ಇದನ್ನು ಓದಲೆಂದೇ ಹಿಂದಿ ಕಲಿತರು; ಓದಿ ಮುಗಿಸಿ ಇಂಥದೇ ಇನ್ನೊಂದು ಪುಸ್ತಕಕ್ಕಾಗಿ ತಡಕಾಡಿದರು; ಬರಬರುತ್ತ ಬೇರೆ ಬಗೆಯ ಪುಸ್ತಕಗಳಿಗೂ ಕೈಹಾಕಿದರು; ಕೆಲವರು ತಾವೇ ಬರೆಯತೊಡಗಿದರು. ಶುಕ್ಲರು ಹೇಳುವ ಕ್ರಮ ಇದು. ಮೆಚ್ಚದವನು ಹೇಳಿದ ಸಾಕ್ಷಿಗೆ ಬೆಲೆ ಹೆಚ್ಚು.

ಅಂಥ ಓದುಗನು ಲಿಪಿಯ ಹೊಸ್ತಿಲನ್ನು ಹೇಗೆ ದಾಟಿದನು? ಇಲ್ಲಿ ಖತ್ರಿಯವರ ಜಾಣತನ ಕಾಣುತ್ತದೆ. ಅವರು ದಾಸ್ತಾನಿನಿಂದ ಐಯಾರನನ್ನೂ ತಿಲಿಸ್ಮನ್ನೂ ತೆಗೆದುಕೊಂಡರು. ಹೀಗಾಗಿ ಉರ್ದು ಓದುಗನಿಗೆ ಹೊಸ ಅಕ್ಷರಗಳ ಹಿಂದೆ ಹಳೆಯ ಪರಿಚಿತರೇ ಸಿಕ್ಕಿದರು. ಪದಗಳೂ ಮೊದಮೊದಲು ಬೀದಿಯ ಹಿಂದೂಸ್ಥಾನಿಯವೇ. ಭಾಗಗಳು ಮುಂದುವರಿದಂತೆ ಭಾಷೆ ಮೆಲ್ಲಮೆಲ್ಲನೆ ಬದಲಾಯಿತು. ಎಲ್ಲಿ ಬದಲಾಯಿತೆಂದು ಓದುಗನಿಗೆ ತಿಳಿಯದಿದ್ದರೂ ಮೊದಲಿಗೂ ಕೊನೆಗೂ ಬಹಳ ಅಂತರವಿದೆಯೆಂದು ಖತ್ರಿಯವರೇ ಸಂತತಿಯ ಕೊನೆಯಲ್ಲಿ ಹೇಳಿಕೊಂಡಿದ್ದಾರೆ. ಇನ್ನೊಂದು ಬದಲಾವಣೆಯೂ ಗಮನಾರ್ಹವಾದುದು. ದಾಸ್ತಾನಿನಲ್ಲಿ ಮಾಯೆಯೆಂದರೆ ಮಂತ್ರಮಾಟ. ಖತ್ರಿಯವರ ತಿಲಿಸ್ಮು ಯಂತ್ರ, ರಸಾಯನ, ಶಿಲ್ಪಿಯ ಚಾತುರ್ಯಗಳಿಂದ ನಡೆಯುತ್ತದೆ. ರೈಲನ್ನೂ ತಂತಿಯನ್ನೂ ಕಂಡಿದ್ದ ಓದುಗನಿಗೆ, ಇದೂ ಆಗಬಹುದಾದದ್ದೇ ಎಂದು ನಂಬಲು ಆಸ್ಪದ ದೊರೆಯಿತು.

1901ರ ಜನಗಣತಿಯ ಪ್ರಕಾರ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐವರಷ್ಟು ಮಾತ್ರ. ಇಂಥ ನಾಡಿನಲ್ಲಿ ಒಂದು ಪುಸ್ತಕಕ್ಕಾಗಿ ಎರಡನೆಯ ಲಿಪಿಯನ್ನು ಕಲಿಯುವುದು ಸಣ್ಣ ಶ್ರಮವಲ್ಲ. ಕಾಶಿಯ ನಾಗರೀಪ್ರಚಾರಿಣೀ ಸಭೆ 1893ರಲ್ಲಿ ಹುಟ್ಟಿ, ಮನವಿಗಳನ್ನು ಸಲ್ಲಿಸಿ, ಹೋರಾಡಿತು. 1900ನೆಯ ಏಪ್ರಿಲಿನಲ್ಲಿ ಲೆಫ್ಟಿನೆಂಟ್ ಗವರ್ನರ್ ಮ್ಯಾಕ್ಡೊನೆಲ್ ಸಾಹೇಬರ ಸರಕಾರವು ಕಚೇರಿಗಳಲ್ಲಿ ನಾಗರಿಗೂ ಎಡೆಮಾಡಿಕೊಟ್ಟಿತು. ಆಜ್ಞೆಯು ಲಿಪಿಗೆ ಕಚೇರಿಯ ಬಾಗಿಲನ್ನು ತೆರೆಯಬಲ್ಲದು. ರಾತ್ರಿ ದೀಪದ ಮುಂದೆ ಕುಳಿತು ಓದುವ ಆಸೆಯನ್ನು ಹುಟ್ಟಿಸಲಾರದು. ಆ ಕೆಲಸವನ್ನು ಚಪಲೆಯೂ ತೇಜಸಿಂಹನೂ ಮಾಡಿದರು.

ಈ ಓದುಗರಿಂದ ಮುಂದೇನಾಯಿತೆಂಬುದಕ್ಕೆ ಪ್ರೇಮಚಂದರ ಉದಾಹರಣೆ ಸಾಕು. ಬಾಲ್ಯದಲ್ಲಿ ಅವರು ಗೋರಖಪುರದಲ್ಲಿ ತಿಲಿಸ್ಮೆ ಹೋಶ್‌ರುಬಾದ ಹುಚ್ಚು ಹಿಡಿಸಿಕೊಂಡವರು. ಉರ್ದುವಿನಲ್ಲಿ ಬರೆಯಲು ಆರಂಭಿಸಿದ ಅವರು, ಮೊದಲು ಉರ್ದುವಿನಲ್ಲೇ ರಚಿಸಿದ್ದ ಕಾದಂಬರಿಯನ್ನು 'ಸೇವಾಸದನ'ವೆಂದು ಹಿಂದಿಯಲ್ಲಿ ಪ್ರಕಟಿಸಿದರು. ಉರ್ದು ರೂಪ ಅಚ್ಚಾದದ್ದು ಅದಾದ ಮೇಲೆಯೇ. ಅಷ್ಟು ಹೊತ್ತಿಗೆ ಹಿಂದಿಯಲ್ಲಿ ಕಾದಂಬರಿಗೆ ಓದುಗರ ಪೇಟೆ ಸಿದ್ಧವಾಗಿತ್ತು. ಅದನ್ನು ಹದಮಾಡಿದವರಲ್ಲಿ ಖತ್ರಿಯವರು ಮೊದಲಿಗರು.

ಆದರೆ ಇದರಲ್ಲಿ ವಿಷಾದದ ಅಂಶವೂ ಇದೆ. ಒಂದು ಲಿಪಿಯಿಂದ ಇನ್ನೊಂದಕ್ಕೆ ಓದುಗನು ನಡೆದುಹೋದ ಸೇತುವೆ ಬರಬರುತ್ತ ಸವೆಯಿತು. ಎರಡೂ ಅಕ್ಷರಗಳನ್ನು ಬಲ್ಲವರು ವಿರಳವಾದರು. ಎರಡು ಭಾಷೆಗಳ ನಡುವೆ ರಾಜಕೀಯದ ಗೋಡೆ ಎದ್ದಿತು. 1994ರಲ್ಲಿ ದೂರದರ್ಶನದಲ್ಲಿ 'ಚಂದ್ರಕಾಂತಾ' ಧಾರಾವಾಹಿಯಾಗಿ ಬಂದಾಗ ದೇಶವೆಲ್ಲ ನೋಡಿತು. ಆದರೆ ನೋಡುವುದಕ್ಕೆ ಯಾವ ಲಿಪಿಯನ್ನೂ ಕಲಿಯಬೇಕಾಗಿರಲಿಲ್ಲ.

ಕಾಲಕ್ಷೇಪದ ಪುಸ್ತಕವೆಂದು ಯಾವುದನ್ನಾದರೂ ತಳ್ಳಿಹಾಕುವ ಮೊದಲು ಈ ಚರಿತ್ರೆಯನ್ನು ನೆನೆಯುವುದು ಒಳ್ಳೆಯದು. ಖತ್ರಿಯವರ ತಿಲಿಸ್ಮಿನೊಳಗೆ ಅಡಗಿದ್ದ ನಿಧಿ ರಾಜಕುಮಾರನಿಗೆ ಸಿಕ್ಕಿತೆಂದು ಕಥೆ ಹೇಳುತ್ತದೆ. ನಿಜವಾಗಿ ಅದು ದೊರೆತದ್ದು ಹಿಂದೀ ಭಾಷೆಗೆ.