ಕಲ್ಲಿನಲ್ಲಿ ಅಡಗಿದ ಇಸವಿ



ವಿಜಯಪುರದ ಗೋಲಗುಮ್ಮಟವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಮೇಲೆ ಹತ್ತಿ ಕೂಗಿ, ಪ್ರತಿಧ್ವನಿ ಕೇಳಿ ಇಳಿದಿರುತ್ತೀರಿ. ಆದರೆ ಅದರ ಮುಂದಿರುವ ವಸ್ತುಸಂಗ್ರಹಾಲಯದ ಒಳಗೆ ಎಷ್ಟು ಜನ ಹೋಗಿದ್ದೀರಿ? ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಂದ ಅವಸರದಲ್ಲಿ ದಾಟಿಸಿದವರಲ್ಲಿ ನಾನೂ ಒಬ್ಬ. ಅಂದು ಒಬ್ಬ ಹುಡುಗ ಶಾಸನದ ಮುಂದೆ ನಿಂತು, "ಸರ್, ಇದು ನಮ್ಮದೋ, ಅವರದೋ?" ಎಂದು ಕೇಳಿದ್ದ. ಬಸ್ಸಿಗೆ ಹೊತ್ತಾಯಿತೆಂದು ನಾನು ಉತ್ತರ ಕೊಡಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ರವಿವಾರ ಮಧ್ಯಾಹ್ನ, ಹಳಗನ್ನಡ ಬಲ್ಲ ಸಹೋದ್ಯೋಗಿ ಗೆಳೆಯರೊಂದಿಗೆ ಮತ್ತೆ ಅಲ್ಲಿಗೆ ಹೋದೆ.

ಹಿಂದೆ ನಗಾರಿ ಬಾರಿಸುತ್ತಿದ್ದ ನಗಾರಖಾನೆಯೇ ಈಗ ಸಂಗ್ರಹಾಲಯ. 1892ರಲ್ಲಿ ಆರಂಭವಾದ ಇದನ್ನು 1982ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ವಹಿಸಿಕೊಂಡಿತು. ಅರಬ್ಬಿ, ಫಾರಸಿ, ಕನ್ನಡ, ಸಂಸ್ಕೃತ ಶಾಸನಗಳು, ಜೈನ ಮೂರ್ತಿಗಳು, ವೀರಗಲ್ಲುಗಳು, ಹಸ್ತಪ್ರತಿಗಳು, ಬಿದರಿ ಪಾತ್ರೆಗಳು, ಎಲ್ಲವೂ ಒಂದೇ ಸೂರಿನಡಿ ಇವೆ.

ಫಾರಸಿ ಕಲ್ಲು ಬಂದಾಗ ನಾನು ಮೇಷ್ಟ್ರು, ಅವರು ವಿದ್ಯಾರ್ಥಿ; ಕನ್ನಡ ಕಲ್ಲು ಬಂದಾಗ ಅದು ತಿರುವುಮುರುವು. ತುಘ್ರಾ ಶೈಲಿಯಲ್ಲಿ ಒಂದರೊಳಗೊಂದು ಹೆಣೆದ ಅಕ್ಷರಗಳ ಮುಂದೆ ನಾನು ತಡವರಿಸಿದಾಗ, "ಏನ್ರೀ ಸರ, ಫೇಲಾದ್ರಲ್ಲ!" ಎಂದು ನಕ್ಕರು. ಸವೆದ ಕನ್ನಡ ಸಾಲೊಂದರಲ್ಲಿ ಅವರೂ ಸಿಕ್ಕಿಬಿದ್ದರು. ಅಲ್ಲಿಗೆ ಲೆಕ್ಕ ಸಮವಾಯಿತು.

ಬಳಿಕ ಗುಮ್ಮಟದ ದಕ್ಷಿಣ ಬಾಗಿಲಿಗೆ ಬಂದೆವು. ಇದು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ, ಒಳಗೆ ಒಂದು ಕಂಬವೂ ಇಲ್ಲ. ಬಾಗಿಲ ಮೇಲೆ ಮೂರು ಭಾಗಗಳಲ್ಲಿ ಫಾರಸಿ ಬರಹವಿದೆ. ಅದರಲ್ಲಿ ಅಂಕಿಯೇ ಇಲ್ಲ, ಆದರೂ ಇಸವಿ ಇದೆ!

ಅದು ಹೇಗೆ? ಅಬ್ಜದ್ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಬೆಲೆಯುಂಟು. 'ಮುಹಮ್ಮದ್' ಎಂಬ ಹೆಸರನ್ನೇ ನೋಡಿ: ಮೀಮ್ 40, ಹೇ 8, ಮೀಮ್ 40, ದಾಲ್ 4, ಒಟ್ಟು 92. ಹೀಗೆಯೇ ಕೂಡಿದರೆ ಬಾಗಿಲ ಮೇಲಿನ ಮೂರು ಭಾಗಗಳಲ್ಲಿ ಪ್ರತಿಯೊಂದೂ 1067 ಆಗುತ್ತದೆ. ಅದು ಸುಲ್ತಾನ ತೀರಿಕೊಂಡ ಹಿಜರಿ ವರ್ಷ, ಅಂದರೆ ಕ್ರಿ.ಶ. 1656.

ನಾನು ಹೆಮ್ಮೆಯಿಂದ ಇದನ್ನು ವಿವರಿಸಿದರೆ ಗೆಳೆಯರು, "ನಮ್ಮಲ್ಲೂ ಐತ್ರೀ ಸರ" ಎಂದರು. ಹಳೆಯ ಕಾವ್ಯಗಳಲ್ಲಿ, ಕೆಲವು ಶಾಸನಗಳಲ್ಲಿ ಅಂಕಿಯ ಬದಲು ಪದಗಳನ್ನು ಬಳಸುತ್ತಿದ್ದರಂತೆ: ಚಂದ್ರ ಎಂದರೆ 1, ಬಾಣ 5, ಗಿರಿ 7, ಗಜ 8. ಕ್ರಿ.ಶ. 1656 ಎಂದರೆ ಶಕವರ್ಷ 1578. ಅವರು ಅಲ್ಲೇ ನಿಂತು "ಗಜ-ಗಿರಿ-ಬಾಣ-ಚಂದ್ರ" ಎಂದರು. ನಾನು 8751 ಎಂದು ಬರೆದುಕೊಂಡೆ. "ತಪ್ಪು ಸರ! ಇದನ್ನ ಬಲದಿಂದ ಎಡಕ್ಕ ಓದಬೇಕು, ನಿಮ್ಮ ಉರ್ದುವಿನ್ಹಂಗ" ಎಂದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಲ್ಲಿದ್ದ ಪ್ರವಾಸಿಗರು ನಮ್ಮತ್ತ ತಿರುಗಿ ನೋಡಿದರು.

ಸೋಮವಾರ ತರಗತಿಯ ಕಪ್ಪು ಹಲಗೆಯ ಮೇಲೆ ಎರಡೂ ಲೆಕ್ಕಗಳನ್ನು ಬರೆದೆ. ಅಂದು ಪ್ರಶ್ನೆ ಕೇಳಿದ್ದ ಹುಡುಗನನ್ನೇ ಕರೆದು ಕೂಡಿಸಿದೆ. "ಎರಡೂ ಒಂದೇ ವರ್ಷ, ಸರ್" ಎಂದ. "ಹಾಗಾದರೆ ನಮ್ಮದೋ, ಅವರದೋ?" ಎಂದು ಕೇಳಿದೆ. ಅವನು ನಕ್ಕು ಸುಮ್ಮನಾದ.

ಮಕ್ಕಳೇ, ಉರ್ದು ಬಲ್ಲವರು ಕನ್ನಡ ಶಾಸನದ ಮುಂದೆಯೂ, ಕನ್ನಡ ಬಲ್ಲವರು ಫಾರಸಿ ಬರಹದ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿರಿ. ಒಂದೇ ಲಿಪಿ ಕಲಿತವನಿಗೆ ನಮ್ಮ ಊರುಗಳ ಇತಿಹಾಸ ಅರ್ಧವಷ್ಟೇ ಕಾಣುತ್ತದೆ. ಮುಂದಿನ ಸಲ ವಿಜಯಪುರಕ್ಕೆ ಹೋದಾಗ, ನಿಮಗೆ ಬಾರದ ಲಿಪಿ ಬಲ್ಲ ಗೆಳೆಯನನ್ನು ಜೊತೆಗೆ ಕರೆದೊಯ್ಯಿರಿ.