ಒಪ್ಪಿಗೆ ಪತ್ರದಲ್ಲಿ ಇಲ್ಲದ ಕೋತಿಗಳು

16 ಕೋಟಿ ರೂಪಾಯಿಯ ಇಂಜೆಕ್ಷನ್‌ಗೆ ಸಹಾಯ ಮಾಡಿ ಅಂತ ಪುಟ್ಟ ಮಗುವಿನ ಫೋಟೊ ನಿಮ್ಮ ವಾಟ್ಸಾಪ್ ಗ್ರೂಪಿಗೂ ಒಮ್ಮೆ ಬಂದಿರುತ್ತೆ. ಎಸ್‌ಎಂಎ ಕಾಯಿಲೆಗೆ ಕೊಡುವ ಜೋಲ್ಜೆನ್‌ಸ್ಮಾ ಅದು, ಒಂದು ಜೀನ್ ಚಿಕಿತ್ಸೆ. ಅದರ ಬೆಲೆಯ ಬಗ್ಗೆ ಎಲ್ಲರೂ ಮಾತಾಡ್ತೀವಿ. ಈ ಚಿಕಿತ್ಸೆಗಳ ಹಿಂದೆ 18 ವರ್ಷದ ಹುಡುಗನೊಬ್ಬನ ಸಾವಿದೆ, ಅವನು ಸಹಿ ಹಾಕಿದ ಒಂದು ಕಾಗದ ಇದೆ. ಇವತ್ತಿನ ಮಾತು ಆ ಕಾಗದದ ಬಗ್ಗೆ.

ಅವನು ಜೆಸ್ಸಿ ಗೆಲ್ಸಿಂಗರ್, ಅಮೆರಿಕದ ಅರಿಜೋನಾ ರಾಜ್ಯದವನು. ನಾವು ತಿನ್ನುವ ಬೇಳೆ, ಮೊಟ್ಟೆಯ ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತೆ. ಯಕೃತ್ತು ಅದನ್ನು ಯೂರಿಯಾ ಮಾಡುತ್ತೆ, ಅದು ಮೂತ್ರದಲ್ಲಿ ಹೋಗುತ್ತೆ. ಈ ಕೆಲಸಕ್ಕೆ ಬೇಕಾದ ಒಟಿಸಿ ಎಂಬ ಕಿಣ್ವ ಜೆಸ್ಸಿಗೆ ಸಾಕಷ್ಟು ಇರಲಿಲ್ಲ. ಅಮೋನಿಯಾ ರಕ್ತದಲ್ಲಿ ಏರಿದರೆ ಪೆಟ್ಟು ಮೆದುಳಿಗೆ. ಪಥ್ಯ ಮತ್ತು ದಿನಾ ಹತ್ತಾರು ಮಾತ್ರೆಗಳಿಂದ ಅವನು ಓಡಾಡಿಕೊಂಡಿದ್ದ. ಇದೇ ಕಾಯಿಲೆ ತೀವ್ರವಾಗಿರುವ ಶಿಶುಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಕೋಮಾಕ್ಕೆ ಜಾರುತ್ತವೆ.

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ವಿಲ್ಸನ್ ಅವರ ತಂಡ, ಸರಿಯಾದ ಜೀನನ್ನು ಅಡಿನೊವೈರಸ್‌ನಲ್ಲಿ ತುಂಬಿ ಯಕೃತ್ತಿಗೆ ಕಳಿಸಲು ಹೊರಟಿತ್ತು. ಮೊದಲು ಯಾರ ಮೇಲೆ ಪ್ರಯೋಗ? ಶಿಶುಗಳ ಮೇಲೆ ಬೇಡ ಅಂದರು ಅಲ್ಲಿನ ನೀತಿತಜ್ಞ ಆರ್ಥರ್ ಕ್ಯಾಪ್ಲನ್. ಸಾಯುತ್ತಿರುವ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಂದೆತಾಯಿ ಏನು ಕೇಳಿದರೂ ಹೂಂ ಅಂತಾರೆ, ಅದು ಸ್ವತಂತ್ರ ಒಪ್ಪಿಗೆ ಅಲ್ಲ ಅನ್ನೋದು ವಾದ. ಹಾಗಾಗಿ ಕಾಯಿಲೆ ಸೌಮ್ಯವಾಗಿರುವ ವಯಸ್ಕರನ್ನು ಆರಿಸಿದರು. ಮೊದಲ ಸಲ ಓದಿದಾಗ ನನಗೂ ಇದು ಸರಿ ಅನ್ನಿಸಿತ್ತು. ಆದರೆ ಅದರ ಫಲ ನೋಡಿ: ತನಗೆ ಯಾವ ಲಾಭವೂ ಇಲ್ಲದ ಹುಡುಗನೊಬ್ಬ ಬಂದು ನಿಂತ. ಲಾಭ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಆ ಶಿಶುಗಳಿಗಾಗಿಯೇ ಬಂದಿದ್ದ.

1999ರ ಸೆಪ್ಟೆಂಬರ್ 13ರಂದು ವೈರಸ್ ಕೊಟ್ಟರು. ದೇಹದ ರೋಗನಿರೋಧಕ ಶಕ್ತಿ ಅದರ ಮೇಲೆ ಸಿಡಿದೆದ್ದು ಒಂದೊಂದೇ ಅಂಗ ಕೈಕೊಟ್ಟಿತು. 17ರಂದು ಜೆಸ್ಸಿ ತೀರಿಕೊಂಡ.

ತಂದೆ ಪಾಲ್ ಮೊದಮೊದಲು ವೈದ್ಯರ ಪರವಾಗಿಯೇ ನಿಂತಿದ್ದರು. ಆಮೇಲೆ ಒಂದೊಂದೇ ಹೊರಬಂತು. ಇಂಥದೇ ವೈರಸ್ಸನ್ನು ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಪಡೆದ ಕೋತಿಗಳು ಸತ್ತಿದ್ದವು. ಒಪ್ಪಿಗೆ ಪತ್ರದ ಹಿಂದಿನ ಕರಡಿನಲ್ಲಿ ಆ ವಿಷಯ ಇತ್ತು, ಜೆಸ್ಸಿ ಸಹಿ ಹಾಕಿದ ಪ್ರತಿಯಲ್ಲಿ ಇರಲಿಲ್ಲ. ಅವನಿಗಿಂತ ಮೊದಲಿನ ಕೆಲವರ ಯಕೃತ್ತಿಗೆ ತೊಂದರೆಯಾದಾಗಲೇ ಪ್ರಯೋಗ ನಿಲ್ಲಿಸಿ ತಮಗೆ ತಿಳಿಸಬೇಕಿತ್ತು ಎಂದು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆಕ್ಷೇಪಿಸಿತು. ಸಾಲದ್ದಕ್ಕೆ ವಿಲ್ಸನ್‌ಗೆ ಜೀನ್ ಚಿಕಿತ್ಸೆಯ ಜೆನೊವೊ ಕಂಪನಿಯಲ್ಲಿ ಪಾಲಿತ್ತು. 2005ರಲ್ಲಿ ಸರ್ಕಾರದ ಜೊತೆ ರಾಜಿಯಾಯಿತು: ವಿಶ್ವವಿದ್ಯಾಲಯ 5 ಲಕ್ಷ ಡಾಲರ್‌ಗೂ ಹೆಚ್ಚು ಕಟ್ಟಿತು. ಆದರೆ ತಪ್ಪು ಒಪ್ಪಿಕೊಳ್ಳಲಿಲ್ಲ.

ನಾವು ಸಾಫ್ಟ್‌ವೇರ್‌ನವರು ಗೊತ್ತಿರುವ ಬಗ್ ಒಂದನ್ನು ರಿಲೀಸ್ ನೋಟ್‌ನಿಂದ ಬಿಟ್ಟರೂ, ರಾತ್ರಿ ಕೂತು ರೋಲ್‌ಬ್ಯಾಕ್ ಮಾಡಬಹುದು. ಇಲ್ಲಿ ಅದಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಒಬ್ಬ ಖಳನಾಯಕ ಸಿಕ್ಕ ಅಂತ ಸುಮ್ಮನಾಗಬಹುದಿತ್ತು. ಆದರೆ ಅದೇ ವಿಲ್ಸನ್ ಪ್ರಯೋಗಾಲಯ ಆಮೇಲೆ ಬೇರೆ ವೈರಸ್‌ಗಳನ್ನು ಹುಡುಕಿತು. ಅಲ್ಲಿ ಸಿಕ್ಕ ಎಎವಿ9 ಎಂಬ ವೈರಸ್ಸೇ ಇವತ್ತು ಜೋಲ್ಜೆನ್‌ಸ್ಮಾದ ಜೀನನ್ನು ಹೊತ್ತೊಯ್ಯುತ್ತೆ. ನಿಮ್ಮ ಗ್ರೂಪಿಗೆ ಬಂದ ಆ ಮಗುವಿನ ಔಷಧ.

2025ರಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ಕೆಜೆ ಎಂಬ ಶಿಶುವಿಗೆ, ಅವನೊಬ್ಬನಿಗಾಗಿಯೇ ತಯಾರಿಸಿದ ಜೀನ್ ತಿದ್ದುವ ಔಷಧ ಕೊಟ್ಟರು. ಅವನದೂ ಅಮೋನಿಯಾ ಏರುವ ಕಾಯಿಲೆಯೇ, ಕಿಣ್ವ ಮಾತ್ರ ಬೇರೆ. ಈ ಸಲ ವೈರಸ್ ಇಲ್ಲ, ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿಟ್ಟು ಕೊಟ್ಟರು. ಮಗು ಚೇತರಿಸಿಕೊಂಡು ಮನೆಗೆ ಹೋಯಿತು. ಒಪ್ಪಿಗೆ ಕೊಟ್ಟವರು ತಂದೆತಾಯಿ. ಅಂದರೆ ಅಂದು ನಂಬಲಾಗದು ಅಂದಿದ್ದ ಅದೇ ಸಹಿ! ಅದಕ್ಕೇ ನನಗೆ ಅನ್ನಿಸೋದು, ಸಹಿ ಯಾರದ್ದು ಅನ್ನೋದಕ್ಕಿಂತ ಸಹಿಗೆ ಮೊದಲು ಅವರಿಗೆ ಏನು ಹೇಳಿದರು ಅನ್ನೋದು ದೊಡ್ಡ ಪ್ರಶ್ನೆ. ಕ್ಯಾಪ್ಲನ್ ಹೆದರಿದ್ದು ತಂದೆತಾಯಿಯ ಕಣ್ಣೀರಿಗೆ. ಜೆಸ್ಸಿಗೆ ಮೋಸವಾದದ್ದು ಬಿಟ್ಟುಹೋದ ಒಂದು ಸಾಲಿನಿಂದ.

ನಮ್ಮ ದೇಶದ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳೂ, ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪತ್ರ ಇರಬೇಕು ಅನ್ನುತ್ತವೆ. ನಿಯಮ ಇದೆ. ನಮ್ಮ ಅಭ್ಯಾಸ?

ಕಳೆದ ವರ್ಷ ಪುಣೆಯಲ್ಲಿ ಅಪ್ಪನಿಗೆ ಒಂದು ಮಾಮೂಲಿ ಆಪರೇಷನ್ ಆಯಿತು. ಇಂಗ್ಲಿಷ್ ಫಾರ್ಮ್, ಪೆನ್ಸಿಲ್ ಗುರುತು ಇದ್ದಲ್ಲೆಲ್ಲ ಸಹಿ ಹಾಕುತ್ತಾ ಹೋದೆ. ಅಪ್ಪ ಹಾಸಿಗೆಯಿಂದಲೇ ಕೇಳಿದರು, "ಏನ್ ಬರದಾರಪಾ ಅದರಾಗ?"

"ಏನಿಲ್ಲ ಬಿಡ್ರಿ ಅಪ್ಪಾ, ಫಾರ್ಮಾಲಿಟಿ" ಅಂದೆ. ಎಂಟೆಕ್ ಮಾಡಿದ ನಾನು ಅದರ ಒಂದು ಸಾಲೂ ಓದಿರಲಿಲ್ಲ.

ಮುಂದಿನ ಸಲ ಪಕ್ಕದಲ್ಲಿ ಕೂತು, ಕನ್ನಡದಲ್ಲಿ ಓದಿ ಹೇಳ್ತೀನಿ. ನೀವೂ ಹೇಳಿ. ಮತ್ತೆ ಸಿಗೋಣ.