ಮನೆಯ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂ

ಹೊಗೆ ಅಲಾರಂ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳು ಬೆಂಕಿಯ ಹೊಗೆಯನ್ನು ಅಥವಾ ಅಪೂರ್ಣ ದಹನದಿಂದ ಹುಟ್ಟುವ ವಿಷಾನಿಲವನ್ನು ಗುರುತಿಸಿ, ಗಟ್ಟಿಯಾದ ಸದ್ದಿನಿಂದ ಮನೆಯವರನ್ನು ಎಚ್ಚರಿಸುವ ಸಾಧನಗಳಾಗಿವೆ. ಭಾರತದ ಮನೆಗಳಲ್ಲಿ ಇವುಗಳ ಬಳಕೆ ಇನ್ನೂ ವಿರಳ. ಮಂಗಳೂರಿನಂತಹ ಕರಾವಳಿ ನಗರದಲ್ಲಿ ತೇವಾಂಶ, ಉಪ್ಪುಗಾಳಿ ಹಾಗೂ ಕೀಟಗಳ ಕಾರಣದಿಂದ ಇವುಗಳ ನಿರ್ವಹಣೆಗೆ ಹೆಚ್ಚಿನ ಗಮನ ಅಗತ್ಯ.

ಕಾರ್ಯವಿಧಾನ

ಹೊಗೆ ಅಲಾರಂಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ದ್ಯುತಿವಿದ್ಯುತ್ ಬಗೆಯು ಹೊಗೆಯ ಕಣಗಳಿಂದ ಚದುರಿದ ಬೆಳಕನ್ನು ಗ್ರಹಿಸುತ್ತದೆ. ಹಾಸಿಗೆ, ಬಟ್ಟೆ ಮೊದಲಾದವುಗಳಲ್ಲಿ ನಿಧಾನವಾಗಿ ಹೊಗೆಯಾಡುವ ಬೆಂಕಿಯನ್ನು ಬೇಗ ಗುರುತಿಸುತ್ತದೆ. ಅಯಾನೀಕರಣ ಬಗೆಯು ಅಮೆರಿಸಿಯಂ-241ರ ಅತ್ಯಲ್ಪ ಪ್ರಮಾಣವನ್ನು ಬಳಸುತ್ತದೆ ಮತ್ತು ಜ್ವಾಲೆಯೆದ್ದು ಉರಿಯುವ ಬೆಂಕಿಗೆ ಶೀಘ್ರವಾಗಿ ಸ್ಪಂದಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂನಲ್ಲಿ ಸಾಮಾನ್ಯವಾಗಿ ವಿದ್ಯುದ್ರಾಸಾಯನಿಕ ಸಂವೇದಕವಿರುತ್ತದೆ. ಅದು ಅನಿಲದ ಪ್ರಮಾಣದೊಂದಿಗೆ ಅವಧಿಯನ್ನೂ ಲೆಕ್ಕಿಸುತ್ತದೆ. ಅಮೆರಿಕದ ಯುಎಲ್ 2034 ಮಾನಕದಂತೆ 70 ಪಿಪಿಎಂ ಮಟ್ಟದಲ್ಲಿ 1ರಿಂದ 4 ಗಂಟೆಗಳ ನಡುವೆ, 400 ಪಿಪಿಎಂನಲ್ಲಿ 4ರಿಂದ 15 ನಿಮಿಷಗಳ ನಡುವೆ ಅಲಾರಂ ಮೊಳಗಬೇಕು.

ಈ ಸಾಧನಗಳು ಅಡುಗೆ ಅನಿಲದ ಸೋರಿಕೆಯನ್ನು ಗುರುತಿಸುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಅದಕ್ಕೆ ನೆಲದ ಸಮೀಪದಲ್ಲಿ ಅಳವಡಿಸುವ ಪ್ರತ್ಯೇಕ ಸಾಧನ ಬೇಕು.

ಮನೆಯ ರಚನೆ ಮತ್ತು ಅಪಾಯ

ಹಳೆಯ ಮಂಗಳೂರು ಹೆಂಚಿನ ಮನೆಗಳಲ್ಲಿ ಹೆಂಚುಗಳ ಸಂದುಗಳಿಂದ ಹೊಗೆ ಹೊರಹೋಗುತ್ತಿತ್ತು. ಸೌದೆ, ತೆಂಗಿನ ಸಿಪ್ಪೆಗಳಿಂದ ನೀರು ಕಾಯಿಸುವ ಬಚ್ಚಲು ಎಷ್ಟೋ ಮನೆಗಳಲ್ಲಿ ಹೊರಬದಿಗಿತ್ತು. ಕಾಂಕ್ರೀಟಿನ ಫ್ಲ್ಯಾಟ್‌ಗಳಲ್ಲಿ ಈ ಅನುಕೂಲವಿಲ್ಲ. ಕಿಟಕಿ ಮುಚ್ಚಿದ ಸ್ನಾನಗೃಹದಲ್ಲಿ ಗ್ಯಾಸ್ ಗೀಸರ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಉಂಟಾಗುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲವು ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಅಧಿಕ ಬಲದಿಂದ ಬೆಸೆಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆಗಳನ್ನು ಜ್ವರ ಅಥವಾ ಆಯಾಸವೆಂದು ಭಾವಿಸುವ ಸಂಭವ ಹೆಚ್ಚು. ಆದ್ದರಿಂದ ಗೀಸರನ್ನು ಸ್ನಾನಗೃಹದ ಹೊರಗೆ, ಗಾಳಿಯಾಡುವೆಡೆ ಅಳವಡಿಸುವುದೇ ಮೊದಲ ರಕ್ಷಣೆ. ಅಲಾರಂ ಅದಕ್ಕೆ ಪರ್ಯಾಯವಲ್ಲ.

ನಿರ್ವಹಣೆ

ತಿಂಗಳಿಗೊಮ್ಮೆ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು. ಆದರೆ ಅನೇಕ ಮಾದರಿಗಳಲ್ಲಿ ಈ ಗುಂಡಿಯು ಬ್ಯಾಟರಿ, ವಿದ್ಯುನ್ಮಂಡಲ ಮತ್ತು ಸದ್ದನ್ನಷ್ಟೇ ಪರೀಕ್ಷಿಸುತ್ತದೆ, ಸಂವೇದಕದ ಸಾಮರ್ಥ್ಯವನ್ನಲ್ಲ. ಸದ್ದು ಬಂದ ಮಾತ್ರಕ್ಕೆ ಹಳೆಯ ಸಾಧನವನ್ನು ನಂಬಲಾಗದು. ಸಾಧನದ ಹಿಂಬದಿಯಲ್ಲಿರುವ ತಯಾರಿಕೆಯ ದಿನಾಂಕದಿಂದ 10 ವರ್ಷ ಕಳೆದ ಹೊಗೆ ಅಲಾರಂ ಮತ್ತು ಮಾದರಿಗೆ ಅನುಗುಣವಾಗಿ 5ರಿಂದ 10 ವರ್ಷ ಕಳೆದ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬದಲಿಸತಕ್ಕವು. ಧೂಳು, ಜೇಡರಬಲೆಗಳನ್ನು ಮೃದುವಾದ ಕುಂಚದಿಂದ ತೆಗೆಯಬೇಕು. ಸೊಳ್ಳೆ ನಾಶಕವನ್ನು ಸಮೀಪದಲ್ಲಿ ಸಿಂಪಡಿಸಬಾರದು. ಗೋಡೆಗೆ ಬಣ್ಣ ಬಳಿಯುವಾಗ ಮುಚ್ಚಿದ ಹೊದಿಕೆಯನ್ನು ಕೆಲಸ ಮುಗಿದೊಡನೆ ತೆಗೆಯಬೇಕು; ಮರೆತುಹೋಗುವುದು ಇದೇ.

ದೋಷಗಳು

ಅರ್ಧ ಅಥವಾ ಒಂದು ನಿಮಿಷಕ್ಕೊಮ್ಮೆ ಕೇಳಿಬರುವ ಚಿಕ್ಕ ಸದ್ದು ಸಾಮಾನ್ಯವಾಗಿ ಬ್ಯಾಟರಿ ಕ್ಷೀಣಿಸಿರುವ ಸೂಚನೆ. ತಂಪು ಹೆಚ್ಚಾದಾಗ ಬ್ಯಾಟರಿಯ ವೋಲ್ಟೇಜ್ ತಗ್ಗುವುದರಿಂದ ಇದು ಬೆಳಗಿನ ಜಾವ ಆರಂಭವಾಗುವುದುಂಟು. ಹೊಸ ಬ್ಯಾಟರಿ ಹಾಕಿದರೂ ಸದ್ದು ನಿಲ್ಲದಿದ್ದರೆ ಸಾಧನದ ಆಯುಷ್ಯ ಮುಗಿದಿರಬಹುದು. ಹಲವು ಮಾದರಿಗಳಲ್ಲಿ ಮೂರು ಸದ್ದುಗಳ ಗುಂಪು ಹೊಗೆಯನ್ನೂ ನಾಲ್ಕು ಸದ್ದುಗಳ ಗುಂಪು ಕಾರ್ಬನ್ ಮಾನಾಕ್ಸೈಡನ್ನೂ ಸೂಚಿಸುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ತೇವಾಂಶ ಸಾಂದ್ರಗೊಂಡು ಹೊಗೆ ಅಲಾರಂ ಸುಳ್ಳಾಗಿ ಮೊಳಗಬಹುದು. ಸ್ನಾನದ ಹಬೆ, ಒಗ್ಗರಣೆಯ ಹೊಗೆ, ಧೂಪಗಳಿಂದಲೂ ಹೀಗಾಗುತ್ತದೆ. ಬೇಸತ್ತು ಬ್ಯಾಟರಿ ತೆಗೆದಿಡುವುದು ಅತ್ಯಂತ ಅಪಾಯಕರವಾದ ಪರಿಹಾರ. ಒಲೆಯಿಂದ ಸುಮಾರು 3 ಮೀಟರ್ ದೂರಕ್ಕೆ, ಸ್ನಾನಗೃಹದ ಬಾಗಿಲಿನಿಂದ ಆಚೆಗೆ ಸ್ಥಳಾಂತರಿಸಿದರೆ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಮನೆಯ ವಿದ್ಯುತ್ತಿನಿಂದ ನಡೆಯುವ ಮಾದರಿಗೂ ಮಳೆಗಾಲದ ವಿದ್ಯುತ್ ಕಡಿತದಲ್ಲಿ ಬ್ಯಾಟರಿಯೇ ಆಧಾರ.

ಅಲಾರಂ ಮೊಳಗಿದಾಗ

ಕಾರಣ ಸ್ಪಷ್ಟವಿಲ್ಲದಿದ್ದರೆ ಎಲ್ಲರೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಮಂಗಳೂರಿನಲ್ಲಿ ಪಾಂಡೇಶ್ವರ ಮತ್ತು ಕದ್ರಿಗಳಲ್ಲಿ ಅಗ್ನಿಶಾಮಕ ಠಾಣೆಗಳಿವೆ. ಕಿಟಕಿ ತೆರೆದೊಡನೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮೌನವಾದರೆ ಅದನ್ನು ಸುಳ್ಳು ಎಚ್ಚರಿಕೆಯೆಂದು ಪರಿಗಣಿಸಬಾರದು. ಅನಿಲ ಚದುರಿರುತ್ತದೆಯೇ ಹೊರತು ಅದರ ಮೂಲ ಹಾಗೆಯೇ ಉಳಿದಿರುತ್ತದೆ. ತಂತ್ರಜ್ಞರು ಪರಿಶೀಲಿಸುವವರೆಗೆ ಗೀಸರ್ ಬಳಸಬಾರದು.